ಮೂರನೇ ರೀಲಿನ ಕೆಮ್ಮು

ಒಂದೇ ಹಳೆಯ ಸಿನಿಮಾಗೆ ಮೂರು ಸಲ ದುಡ್ಡು ಸುರಿದವನು ನಾನು: ಕ್ಯಾಸೆಟ್, ಡಿವಿಡಿ, ಈಗ ಬ್ಲೂ-ರೇ. ಸದ್ದನ್ನೆಲ್ಲ ಶುದ್ಧ ಮಾಡಿದ್ದೇವೆಂದು ಡಬ್ಬಿಯ ಮೇಲೆ ಬರೆದವರಿಗೆ ನಾಚಿಕೆಯಾಗಬೇಕು. ಮೂರನೇ ರೀಲು ಮುಗಿಯುವ ಜಾಗದಲ್ಲಿ ಯಾರೋ ಎರಡು ಸಲ ಕೆಮ್ಮಿದರು. ಅದು ನನ್ನ ಅಣ್ಣನ ಕೆಮ್ಮು. ಟಾಕೀಸಿನಲ್ಲಿ ನಾವಿಬ್ಬರೂ ಪ್ರೊಜೆಕ್ಟರ್ ಓಡಿಸುತ್ತಿದ್ದಾಗ, ರೀಲು ಬದಲಿಸು ಎಂದು ಹೇಳಲು ಅವನು ಹಾಗೇ ಕೆಮ್ಮುತ್ತಿದ್ದ. ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಅಡುಗೆಮನೆಯಿಂದ ಹೆಂಡತಿ, "ಭಾವ ಬಂದ್ರಾ?" ಅಂದವಳು ಮರುಕ್ಷಣವೇ ಬಾಯಿ ಮುಚ್ಚಿಕೊಂಡಳು.

ಅಂಗಡಿಯವನ ಹತ್ತಿರ ಜಗಳಕ್ಕೆ ಹೋದೆ. ಅವನೂ ಹಾಕಿ ಕೇಳಿದ. "ಹೌದಲ್ಲಾ ಸಾರ್, ಯಾರೋ ಕೆಮ್ತಾರೆ" ಎಂದು ಬೇರೆ ಡಿಸ್ಕ್ ಕೊಟ್ಟ.

ಅದರಲ್ಲಿ ಕೆಮ್ಮಿಲ್ಲ, ನಿಜ. ಈಗ ಟಿವಿ ಆರಿಸಿದ್ದರೂ ನನ್ನ ಕುರ್ಚಿಯ ಹಿಂದಿನಿಂದಲೇ ಎರಡು ಸಲ ಕೇಳಿಸುತ್ತದೆ. ಬದಲಿಸೋಣವೆಂದರೆ ಈ ಮನೆಯಲ್ಲಿ ರೀಲೆಲ್ಲಿದೆ?