ಎಡಗಾಲಿನ ನಾಣ್ಯ

ಟಣ್...

ಸಿಮೆಂಟ್ ನೆಲದ ಮೇಲೆ ನಾಣ್ಯವೊಂದು ಬಿದ್ದ ಸದ್ದು. ಅಷ್ಟೇ. ಆದರೆ ರಾತ್ರಿ ಹನ್ನೊಂದೂವರೆಗೆ, ಇಡೀ ಐಸ್ ಹಾಕಿ ರಿಂಕ್‌ನಲ್ಲಿ ತಾನೊಬ್ಬಳೇ ಇದ್ದೇನೆ ಎಂದುಕೊಂಡಿದ್ದ ಐಲಿಯ ಎದೆ ಧಸಕ್ಕೆಂದಿತು.

ಬಾಗಿಲು ತೆರೆದದ್ದಕ್ಕೆ ಬೆಚ್ಚಿ ಅವಳೇ ಕೈಬಿಟ್ಟ ನಾಣ್ಯ ಉರುಳುತ್ತಾ ಹೋಗಿ, ಸ್ಕೇಟುಗಳಿಗೆ ಸಾಣೆ ಹಿಡಿಯುವ ಯಂತ್ರದ ಅಡಿಯಲ್ಲೆಲ್ಲೋ ಮರೆಯಾಯಿತು.

"ಸಾರಿ. ಹೆದರಿಸಬೇಕು ಅಂತ ಬರಲಿಲ್ಲ."

ಸಾಣೆ ಕೋಣೆಯ ಬಾಗಿಲಲ್ಲಿ ನಿಂತಿದ್ದವನನ್ನು ನೋಡಿ ಅವಳ ಎದೆ ಇನ್ನೊಮ್ಮೆ ಹಾರಿತು. ಎಮೆಟ್ ಲಾಪ್ರೇರಿ. ಟ್ಯಾಮರಾಕ್ ಕಾಲೇಜಿನ ಗೋಲ್‌ಕೀಪರ್. ನಾಳೆ ಸಂಜೆ ಉತ್ತರ ಸರೋವರ ಕಾನ್ಫರೆನ್ಸಿನ ಫೈನಲ್‌ನಲ್ಲಿ ಅವಳ ಐರನ್ ಬೇ ಕಾಲೇಜಿನ ಹುಡುಗರು ಸೋಲಿಸಬೇಕಾಗಿದ್ದ ಮನುಷ್ಯ. ಎರಡು ವರ್ಷದಿಂದ ಆಟದಂಗಳದ ಸುತ್ತಲಿನ ಗಾಜಿನ ಗೋಡೆಯ ಈಚೆಯಿಂದ ಅವನನ್ನು ನೋಡುತ್ತಾ ಬಂದಿದ್ದಳು. ಇಷ್ಟು ಹತ್ತಿರದಿಂದ ಎಂದೂ ಇಲ್ಲ.

"ಹಿಮದಲ್ಲಿ ಬಸ್ಸು ಮೂರು ತಾಸು ಸಿಕ್ಕಿಹಾಕಿಕೊಂಡು, ಸ್ಕೇಟು ನಿಮ್ಮ ಕೈಗೆ ಸೇರಿದ್ದೇ ತಡವಾಯ್ತು. ನೀವು ಮನೆಗೆ ಹೋಗಿರ್ತೀರಿ ಅಂದ್ಕೊಂಡಿದ್ದೆ," ಎಂದ.

"ಅತಿಥಿಗಳದ್ದು ಮುಗಿಯದೆ ಹೋಗೋ ಹಾಗಿಲ್ಲ," ಎಂದಳು. ದನಿ ತನ್ನದಲ್ಲವೇನೋ ಎನ್ನಿಸಿತು.

ಆರು ಕಾಲೇಜುಗಳು ತಮ್ಮತಮ್ಮಲ್ಲೇ ಆಡುವ ಆ ಕಾನ್ಫರೆನ್ಸಿನಲ್ಲಿ ನಲವತ್ತು ವರ್ಷದ ಪದ್ಧತಿ ಅದು. ಬಂದ ತಂಡದ ಸ್ಕೇಟುಗಳಿಗೆ ಆತಿಥೇಯ ತಂಡದವರೇ ಸಾಣೆ ಹಿಡಿಯಬೇಕು. ಅತಿಥಿಗಳದ್ದು ಮೊದಲು, ತಮ್ಮದು ಆಮೇಲೆ. ಟ್ಯಾಮರಾಕ್‌ನಂಥ ಬಡ ಕಾಲೇಜಿಗೆ ಸ್ವಂತ ಯಂತ್ರವೇ ಇರಲಿಲ್ಲ.

ಅವಳ ಮುಂದೆ ಬೋರಲಾಗಿ ಬಿಗಿದಿದ್ದದ್ದು ಅವನದೇ ಎಡಗಾಲಿನ ಸ್ಕೇಟು. ಬಲಗಾಲಿನದು ಮುಗಿದಿತ್ತು.

"ಏನು ಬಿತ್ತು? ನಾಣ್ಯವಾ?" ಅವನು ಆಗಲೇ ಮಂಡಿಯೂರಿ ಕೂತಿದ್ದ. "ಇರಿ, ಹುಡುಕ್ತೀನಿ."

ಇಬ್ಬರೂ ನೆಲದ ಮೇಲೆ ಕೂತು ಯಂತ್ರದ ಅಡಿಗೆ ಕೈ ಹಾಕಿದರು. ಕಬ್ಬಿಣದ ಪುಡಿ, ಹಳೆಯ ಲೇಸು, ಆಟಗಾರರು ಬಾಯಲ್ಲಿಡುವ ಒಂದು ಹಲ್ಲುಕಾಪು. ನಾಣ್ಯವಿಲ್ಲ. ಅವನ ಬೆರಳು ಅವಳ ಬೆರಳಿಗೆ ತಾಕಿತು. ಇಬ್ಬರೂ ಕೈ ತೆಗೆಯುವುದು ಒಂದು ಕ್ಷಣ ತಡವಾಯಿತು...

"ನಿಮ್ಮನ್ನ ನಾನು ಬಲ್ಲೆ," ಎಂದ ಎಮೆಟ್. "ಇಲ್ಲಿ ಆಡಿದಾಗೆಲ್ಲ ಗಾಜಿನ ಹಿಂದೆ ನಿಂತಿರ್ತೀರಿ. ಎಲ್ಲರೂ ಪಕ್ ನೋಡ್ತಾರೆ. ನೀವು ಮಾತ್ರ ಕಾಲು ನೋಡ್ತೀರಿ."

ಐಲಿಯ ಕಿವಿ ಬಿಸಿಯಾಯಿತು. "ಅಲಗು ಹೇಗೆ ಹಿಡಿಯುತ್ತೆ ಅಂತ ನೋಡೋದು ನನ್ನ ಕೆಲಸ."

"ಅಂದ್ರೆ ನನ್ನ ಕಾಲೂ ನೋಡಿದೀರಿ."

"ಎಡಗಾಲಿನ ಮೇಲೆ ಭಾರ ಜಾಸ್ತಿ ಹಾಕ್ತೀರಿ," ಎಂದುಬಿಟ್ಟಳು.

ಅವನು ಬಾಯ್ತುಂಬ ನಕ್ಕ. ಅವಳು ರಾತ್ರಿಯೂಟಕ್ಕೆಂದು ತಂದಿದ್ದ ಏಲಕ್ಕಿ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟಳು. ನಿಂತೇ ತಿಂದ. ಇದು ತನ್ನ ಕೊನೆಯ ವರ್ಷ, ನಾಳೆಯದೇ ಕೊನೆಯ ಆಟ ಎಂದ. ಗೆದ್ದರೂ ಸೋತರೂ ಆಟ ಮುಗಿದ ಮೇಲೆ ಈ ಬಾಗಿಲಿಗೇ ಬರುತ್ತೇನೆ, ಬರಲಾ ಎಂದು ಕೇಳಿದ.

"ಬನ್ನಿ," ಎಂದಳು. ಒಂದೇ ಮಾತು. ಏನೇ ಹೇಳುವ ಮೊದಲೂ ಹತ್ತು ಸಲ ಯೋಚಿಸುವ ಹುಡುಗಿ, ಆ ರಾತ್ರಿ ಯೋಚಿಸಲಿಲ್ಲ.

ಹೊರಗಿನಿಂದ ಅವನ ಕೋಚ್ ಕೂಗಿದರು. ಎಮೆಟ್ ತಾನೇ ಸ್ಕೇಟು ಬಿಗಿದಿದ್ದ ಹಿಡಿಕೆ ಸಡಿಲಿಸಿ, ಎರಡೂ ಸ್ಕೇಟುಗಳ ಲೇಸು ಗಂಟು ಹಾಕಿ ಹೆಗಲಿಗೇರಿಸಿಕೊಂಡು ಹೋದ.

ಐಲಿ ದೀಪ ಆರಿಸಿ, ನಗುತ್ತಲೇ ಮನೆಗೆ ನಡೆದಳು.

* * *

ಅವಳಿಗೆ ನೆನಪಾದದ್ದು ಮರುದಿನ, ಅವನು ಬಿದ್ದಾಗ.

ಎರಡೂ ತಂಡ ಸಮ. ಹೆಚ್ಚುವರಿ ಅವಧಿಯ ಹನ್ನೊಂದನೆಯ ನಿಮಿಷ; ಮೊದಲು ಗೋಲು ಹೊಡೆದವರೇ ಗೆದ್ದಂತೆ. ಪಕ್, ಆ ಕಪ್ಪು ರಬ್ಬರ್ ಬಿಲ್ಲೆ, ಬಲದಿಂದ ಎಡಕ್ಕೆ ಹೋಯಿತು. ಎಮೆಟ್ ಅದರ ಹಿಂದೆ ಜಾರಲು ಕಾಲು ಒತ್ತಿದ. ಕಾಲು ಹಿಡಿಯಲಿಲ್ಲ. ಎಣ್ಣೆಯ ಮೇಲೆ ನಿಂತವನಂತೆ ಪಕ್ಕಕ್ಕೆ ಉರುಳಿದ. ತೆರೆದ ಗೋಲಿಗೆ ಐರನ್ ಬೇಯ ಕೀನನ್ ಪಕ್ಕನ್ನು ಮೆಲ್ಲಗೆ ತಳ್ಳಿದ.

ಗೋಲಿನ ಹಿಂದಿನ ಕೆಂಪು ದೀಪ ಹತ್ತಿತು. ಐರನ್ ಬೇ ಗೆದ್ದಿತ್ತು. ಸುತ್ತಲಿನ ಎರಡು ಸಾವಿರ ಜನ ಕುಣಿಯುತ್ತಿದ್ದರು.

ಐಲಿಯ ಕಿವಿಯಲ್ಲಿ ಮಾತ್ರ ಒಂದೇ ಸದ್ದು. ಟಣ್...

*ನಾಣ್ಯ. ಎಡಗಾಲಿಗೆ ನಾಣ್ಯ ಇಡಲೇ ಇಲ್ಲ!*

ಸಾಣೆ ಹಿಡಿದ ಅಲಗಿಗೆ ಎರಡು ಅಂಚು. ಎರಡೂ ಒಂದೇ ಎತ್ತರಕ್ಕಿರಬೇಕು. ಅಡ್ಡಲಾಗಿ ನಾಣ್ಯವೊಂದನ್ನಿಟ್ಟು, ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ನಾಣ್ಯ ವಾಲಿದರೆ ಆ ಕಾಲು ಜಾರುತ್ತದೆ. ನಾಣ್ಯವಿಡದೆ ಒಂದು ಸ್ಕೇಟನ್ನೂ ಅವಳು ಯಾರ ಕೈಗೂ ಕೊಟ್ಟವಳಲ್ಲ. ಒಂದನ್ನು ಬಿಟ್ಟು.

"ಐಲಿ!" ಕೀನನ್ ಗಾಜಿಗೆ ಕೈಗವಸು ಬಡಿದ. "ಅವನಿಗೆ ಸಾಣೆ ಚೆನ್ನಾಗೇ ಹಿಡಿದಿದ್ದೀಯ ಕಣೇ! ಮಂಜಿನ ಮೇಲೆ ಆಡೋರು ಆರು ಜನ, ಬಾಗಿಲ ಹಿಂದೆ ಏಳನೆಯವಳು!"

ತಮಾಷೆಗೆ ಅಂದದ್ದು. ಆದರೆ ಟ್ಯಾಮರಾಕ್‌ನ ಬೆಂಚಿಗೆ ಅದು ಕೇಳಿಸಿತು. ಅವರ ಕೋಚ್ ಥಟ್ಟನೆ ತಿರುಗಿ ಅವಳನ್ನು ನೋಡಿದರು. ಅವರ ಪಕ್ಕದಲ್ಲಿ, ಮುಖವಾಡ ತೆಗೆದು ಕೂತಿದ್ದ ಎಮೆಟ್ ಕೂಡ ನೋಡಿದ.

ಒಂದು ಕ್ಷಣ. ಆಮೇಲೆ ಮುಖ ತಿರುಗಿಸಿಕೊಂಡ.

ಐಲಿ ಸಾಣೆ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಕಾದಳು. ಒಂದು ತಾಸು... ಎರಡು ತಾಸು... ಬಸ್ಸು ಹೊರಟ ಸದ್ದು ಕೇಳಿಸಿತು. ಅವನು ಬರಲಿಲ್ಲ.

* * *

ಸೋಮವಾರ ಕಾನ್ಫರೆನ್ಸ್ ಕಚೇರಿಯಿಂದ ಪತ್ರ ಬಂತು. ಟ್ಯಾಮರಾಕ್‌ನ ಕೋಚ್ ದೂರು ಕೊಟ್ಟಿದ್ದರು. ಆತಿಥೇಯ ತಂಡದ ಕೆಲಸಗಾರ್ತಿ ಬೇಕೆಂದೇ ಅತಿಥಿ ಗೋಲ್‌ಕೀಪರ್‌ನ ಅಲಗು ಕೆಡಿಸಿದ್ದಾಳೆ ಎಂದು. ಗುರುವಾರ ಬೆಳಿಗ್ಗೆ ವಿಚಾರಣೆ. ಆರೋಪ ಸಾಬೀತಾದರೆ ಆರು ಕಾಲೇಜುಗಳಲ್ಲಿ ಯಾವ ಯಂತ್ರವನ್ನೂ ಅವಳು ಮುಟ್ಟುವಂತಿಲ್ಲ. ಅತಿಥಿಗಳಿಗೆ ಸಾಣೆ ಹಿಡಿಯುವ ಪದ್ಧತಿಯನ್ನೇ ನಿಲ್ಲಿಸುವ ಮಾತೂ ಇತ್ತು.

ಪತ್ರವನ್ನು ಎರಡು ಸಲ ಓದಿದ್ದು ಟೋಯಿವೊ. ಅವಳಿಗೆ ಕೆಲಸ ಕಲಿಸಿದ ಮುದುಕ. ಈ ಬೇಸಿಗೆಗೆ ನಿವೃತ್ತನಾಗಿ ಕೋಣೆಯ ಬೀಗದ ಕೈಯನ್ನು ಅವಳಿಗೇ ಕೊಡುವುದೆಂದು ಹೇಳಿಟ್ಟಿದ್ದವನು.

"ನೋಡು ಹುಡುಗಿ, ಬೇಕಂತ ನೀನು ಮಾಡಿಲ್ಲ. ಅದನ್ನ ನಾನು ಕೇಳೋದೂ ಇಲ್ಲ," ಎಂದ. "ಎರಡೂ ಕಾಲಿಗೆ ನಾಣ್ಯ ಇಟ್ಟು ನೋಡಿದ್ದೆ ತಾನೇ?"

ಐಲಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು. ಬಿಚ್ಚಿದಳು.

"ನೆನಪಿಲ್ಲ ಟೋಯಿವೊ."

ಮುದುಕ ಕಾಫಿ ಬಗ್ಗಿಸಿಕೊಂಡು ಹೊರಗೆ ಹೋದ. ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಊರಿನವರ ಪ್ರೀತಿ ಅದಕ್ಕಿಂತ ಕಷ್ಟವಾಗಿತ್ತು. ಬೇಕರಿಯವಳು ಕಣ್ಣು ಮಿಟುಕಿಸಿ "ಕಪ್ ತಂದುಕೊಟ್ಟವಳು" ಎಂದು ಒಂದು ಬನ್ನು ಹೆಚ್ಚಿಗೆ ಹಾಕಿದಳು. ತರಗತಿಯಲ್ಲಿ ಹುಡುಗರು ಏಳು ಬೆರಳು ತೋರಿಸಿ ನಕ್ಕರು. ಅವಳೂ ನಗಬೇಕಾಯಿತು. ನಗದಿದ್ದರೆ ಅದಕ್ಕೂ ಒಂದು ಅರ್ಥ ಕಟ್ಟುತ್ತಾರೆ.

*ಅವರೆಲ್ಲ ಏನಾದರೂ ಅಂದುಕೊಳ್ಳಲಿ... ಅವನು? ಬ್ರೆಡ್ಡು ಕೊಟ್ಟು, ನಕ್ಕು, ಬನ್ನಿ ಅಂದು, ಅಲಗು ಕೆಡಿಸಿದಳು ಅಂದುಕೊಂಡನಾ? ಅವನ ಕೊನೆಯ ಆಟ...*

ಬುಧವಾರ ಕೋಣೆ ಗುಡಿಸುವಾಗ ಪೊರಕೆಯ ತುದಿಗೆ ಏನೋ ತಾಕಿತು. ಯಂತ್ರದ ಕಾಲಿನ ಹಿಂದೆ, ಗೋಡೆಗೆ ಒರಗಿ ನೆಟ್ಟಗೆ ನಿಂತಿತ್ತು ನಾಣ್ಯ.

ಐಲಿ ಅದನ್ನು ಜೇಬಿಗೆ ಹಾಕಿಕೊಂಡು, ಪೊರಕೆಯನ್ನು ಅಲ್ಲೇ ಬಿಟ್ಟು, ಕಾರು ಹತ್ತಿದಳು. ಟ್ಯಾಮರಾಕ್‌ಗೆ ನಾಲ್ಕು ತಾಸಿನ ದಾರಿ. ನಾಳೆ ವಿಚಾರಣೆಯಲ್ಲಿ ಹೇಳುವ ಮೊದಲು ಅವನಿಗೆ ಹೇಳಬೇಕಿತ್ತು. ಇನ್ನೊಬ್ಬರ ಬಾಯಿಂದ ಅವನು ಕೇಳಬಾರದು.

* * *

ಟ್ಯಾಮರಾಕ್‌ನ ರಿಂಕ್ ಖಾಲಿ ಇತ್ತು. ಮಂಜುಗಡ್ಡೆಗೆ ನೀರು ಸವರುವ ಬಂಡಿಯೊಂದು ನಿಧಾನವಾಗಿ ಸುತ್ತು ಹಾಕುತ್ತಿತ್ತು. ಓಡಿಸುತ್ತಿದ್ದವನು ಎಮೆಟ್. ಮಧ್ಯಾಹ್ನಗಳಲ್ಲಿ ಅದು ಅವನ ಕೆಲಸ.

ಅವಳನ್ನು ಕಂಡು ಬಂಡಿ ನಿಲ್ಲಿಸಿದ. ಅರ್ಧ ಅಂಗಳ ಹೊಳೆಯುತ್ತಿತ್ತು, ಅರ್ಧ ಗೀರುಗೀರಾಗಿತ್ತು.

"ನೀವು ಇಲ್ಲಿಗೆ ಬರಬಾರದಿತ್ತು," ಎಂದ. "ಕೋಚ್ ನೋಡಿದ್ರೆ..."

"ಒಂದೇ ಮಾತು. ಹೇಳಿ ಹೋಗ್ತೀನಿ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಚದುರಿಹೋದವು. "ನಿಮ್ಮ ಎಡಗಾಲಿಗೆ ನಾನು ನಾಣ್ಯ ಇಡಲಿಲ್ಲ. ಬೇಕಂತ ಅಲ್ಲ. ನೀವು ಬಂದ್ರಿ, ನಾಣ್ಯ ಬಿತ್ತು, ನಾನು... ನನಗೆ ಖುಷಿಯಾಗಿತ್ತು. ಮರೆತೆ. ನಿಮ್ಮ ಕೊನೆಯ ಆಟ ನನ್ನಿಂದ ಹೋಯ್ತು. ನಾಳೆ ಅವರಿಗೂ ಇದನ್ನೇ ಹೇಳ್ತೀನಿ."

ಎಮೆಟ್ ಬಂಡಿಯಿಂದ ಇಳಿದು ಒಳಗೆ ಹೋಗಿ ಒಂದು ಜೊತೆ ಸ್ಕೇಟು ತಂದ. ಅವಳು ಗಂಟು ನೋಡಿಯೇ ಗುರುತಿಸಿದಳು. ಆ ರಾತ್ರಿ ಅವನು ಹಾಕಿದ್ದಂಥದೇ ಗಂಟು.

"ನಾನು ಬಿದ್ದಾಗ ಇವು ನನ್ನ ಕಾಲಲ್ಲಿ ಇರಲಿಲ್ಲ, ಐಲಿ."

"ಏನು?"

"ಆಟಕ್ಕೆ ಮುಂಚೆ ಮೈ ಬಿಸಿ ಮಾಡ್ಕೊಳ್ಳುವಾಗ ಎಡಗಾಲು ಜಾರಿತು. ಒಳಗೆ ಬಂದು ಬದಲಾಯಿಸ್ದೆ. ಚೀಲದಲ್ಲಿ ಹಳೇ ಜೊತೆ ಇತ್ತು. ಬಿದ್ದದ್ದು ಅದರ ಮೇಲೆ. ಅದು ಕಳೆದ ಚಳಿಗಾಲದಿಂದ ಸಾಣೆಯನ್ನೇ ಕಂಡಿಲ್ಲ."

ಐಲಿ ಪಕ್ಕದ ಬೆಂಚಿನ ಮೇಲೆ ಕೂತಳು.

"ಮತ್ತೆ ಯಾಕೆ ಹೇಳಲಿಲ್ಲ? ಇಷ್ಟು ದಿನ... ಎಲ್ಲರೂ ನನ್ನನ್ನ..."

"ಹಳೇದು ಹಾಕಿದ್ದೆ ಅಂದ್ರೆ, ಯಾಕೆ ಬದಲಾಯಿಸ್ದೆ ಅಂತ ಕೋಚ್ ಕೇಳ್ತಾರೆ. ಏನು ಹೇಳಲಿ? ನಿಮ್ಮ ಅಲಗು ಸರಿ ಇರಲಿಲ್ಲ ಅನ್ನಲಾ? ಎರಡು ದಾರೀನೂ ನಿಮ್ಮ ಬಾಗಿಲಿಗೇ ಬರ್ತಿತ್ತು. ಸುಮ್ಮನಿದ್ರೆ ತಾನಾಗಿ ಅಡಗುತ್ತೆ ಅಂದ್ಕೊಂಡೆ. ದೂರು ಕೊಡ್ತಾರೆ ಅಂತ ಗೊತ್ತಿರಲಿಲ್ಲ."

"ಮುಖ ತಿರುಗಿಸಿಕೊಂಡ್ರಿ."

"ಕೋಚ್ ಪಕ್ಕದಲ್ಲೇ ಇದ್ರು. ನಿಮ್ಮನ್ನ ಇನ್ನೊಂದು ಕ್ಷಣ ನೋಡಿದ್ದಿದ್ರೆ ಎಲ್ಲಾ ಬಾಯಿಂದ ಬಂದುಬಿಡ್ತಿತ್ತು. ಆಮೇಲೆ ನಿಮ್ಮ ಬಾಗಿಲಿಗೆ ಬರೋಕೂ ಧೈರ್ಯ ಆಗಲಿಲ್ಲ." ಅವನು ತಲೆ ತಗ್ಗಿಸಿದ. "ಅದಕ್ಕಿಂತ ಮುಂಚೇನೇ ತಪ್ಪು ಮಾಡಿದ್ದೆ. ನಿಮ್ಮ ಕೋಣೆ ಹತ್ತು ಹೆಜ್ಜೆ ದೂರ ಇತ್ತು. ತಂದುಕೊಟ್ಟಿದ್ರೆ ನಾಲ್ಕು ನಿಮಿಷದ ಕೆಲಸ. ಹುಡುಗರೆಲ್ಲ ನೋಡ್ತಾರೆ, ಐಲಿ ತಪ್ಪು ಮಾಡಿದ್ಲು ಅಂತಾರೆ ಅಂತ ತರಲಿಲ್ಲ. ನಿಮ್ಮನ್ನ ಉಳಿಸೋಕೆ ಹೋಗಿ ಸಿಕ್ಕಿಸಿಹಾಕ್ದೆ."

ಐಲಿ ಎಡಗಾಲಿನ ಸ್ಕೇಟನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡಳು. ಜೇಬಿನಿಂದ ನಾಣ್ಯ ತೆಗೆದಳು. ಅಲಗಿನ ಮೇಲೆ ಅಡ್ಡಲಾಗಿ ಇಟ್ಟು ಬಗ್ಗಿ ನೋಡಿದಳು. ಅವನೂ ಪಕ್ಕದಲ್ಲಿ ಬಗ್ಗಿದ.

ನಾಣ್ಯ ಒಳಬದಿಗೆ ವಾಲಿತು. ಕೂದಲೆಳೆಯಷ್ಟು. ಆಮೇಲೆ ಜಾರಿ ನೆಲಕ್ಕೆ ಬಿತ್ತು.

ಟಣ್...

ಈ ಸಲ ಎಮೆಟ್ ಕಾಲಿನಿಂದ ಅದನ್ನು ತಡೆದ. "ಇದನ್ನಾದ್ರೂ ಹಿಡಿದೆ," ಎಂದ.

ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

"ನಿನ್ನೆಯೇ ಕಚೇರಿಗೆ ಬರೆದು ಕಳಿಸಿದ್ದೀನಿ," ಎಂದ ಅವನು. "ಐಲಿ ಸಾಣೆ ಹಿಡಿದ ಜೊತೆ ಹಾಕಿರಲಿಲ್ಲ, ಅದೃಷ್ಟಕ್ಕೆ ಅಂತ ಹಳೇದು ಹಾಕಿದ್ದೆ ಅಂತ. ಗೋಲ್‌ಕೀಪರ್‌ಗಳೆಲ್ಲ ಅರೆಹುಚ್ಚರು ಅಂತ ಎಲ್ಲರಿಗೂ ಗೊತ್ತು. ಎರಡನೇ ಪ್ರಶ್ನೆ ಯಾರೂ ಕೇಳಲ್ಲ. ಕೋಚ್ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾರೆ."

"ಅರ್ಧ ಸುಳ್ಳು ಅದು."

"ಅರ್ಧ ನಿಜಾನೂ ಹೌದು. ಉಳಿದರ್ಧ ಹೇಳಿದ್ರೆ ಪದ್ಧತಿಯನ್ನೇ ನಿಲ್ಲಿಸ್ತಾರೆ. ಯಂತ್ರ ಇಲ್ಲದ ನಮ್ಮಂಥವರು ಮುಂದಿನ ವರ್ಷ ಯಾರ ಬಾಗಿಲು ತಟ್ಟಬೇಕು?"

ಅವಳು ಗೀರು ಬಿದ್ದ ಅರ್ಧ ಅಂಗಳವನ್ನು ನೋಡುತ್ತಾ ಕೂತಳು.

"ಒಂದು ಕೇಳಲಾ?" ಎಮೆಟ್‌ನ ದನಿ ತಗ್ಗಿತು. "ಯಾವಾಗಲೂ ಕಾಲು ನೋಡೋರು ನೀವು. ಸ್ಕೇಟು ಬೇರೆ ಅಂತ ಇಡೀ ಆಟದಲ್ಲಿ ನಿಮಗೆ ಗೊತ್ತೇ ಆಗಲಿಲ್ಲವಾ?"

ಐಲಿ ನಾಣ್ಯವನ್ನು ಅಂಗೈಯಲ್ಲಿ ಬಿಗಿ ಹಿಡಿದಳು. ಸುಳ್ಳು ಹೇಳಬಹುದಿತ್ತು. ಈ ವಾರ ಒಂದು ಹೇಳಿಯಾಗಿತ್ತು.

"ಆ ದಿನ ನಾನು ಕಾಲು ನೋಡಲಿಲ್ಲ, ಎಮೆಟ್."

"ಮತ್ತೆ?"

"ಮುಖವಾಡದ ಜಾಲರಿ ಹಿಂದೆ ನಿನ್ನ ಕಣ್ಣು ಕಾಣುತ್ತೆ. ಅದನ್ನ ನೋಡ್ತಿದ್ದೆ."

'ನಿನ್ನ' ಎಂದದ್ದು ಇಬ್ಬರಿಗೂ ಕೇಳಿಸಿತು. ಅವನು ತನ್ನ ಕೈಗವಸು ಕಳಚಿ, ನಾಣ್ಯವಿದ್ದ ಅವಳ ಮುಷ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಈ ಸಲ ಇಬ್ಬರೂ ಕೈ ತೆಗೆಯಲಿಲ್ಲ.

ಕತ್ತಲಾಗುವ ಮೊದಲು ಕಾರಿನ ತನಕ ಬಂದ. ಎಡಗಾಲಿನ ಸ್ಕೇಟನ್ನು ಅವಳ ಪಕ್ಕದ ಸೀಟಿನ ಮೇಲಿಟ್ಟ.

"ಒಂದನ್ನೇ ಒಯ್ತೀಯಾ?"

"ಬಲಗಾಲಿಂದು ಸರಿ ಇದೆ. ಅದಕ್ಕೆ ನಾಣ್ಯ ಇಟ್ಟಿದ್ದೆ."

"ಯಾವಾಗ ವಾಪಸ್ ತರ್ತೀಯ?"

"ಅಂಚು ಸಮ ಆದ ಮೇಲೆ."

"ನಾಲ್ಕು ನಿಮಿಷದ ಕೆಲಸ ಅದು."

"ಹೌದು. ದಾರಿ ನಾಲ್ಕು ತಾಸಿಂದು," ಎಂದಳು ಐಲಿ. "ಶನಿವಾರ ಬರ್ತೀನಿ. ಬಾಗಿಲಲ್ಲಿ ಇರು."

"ಇರ್ತೀನಿ. ಈ ಸಲ ಇರ್ತೀನಿ."

ಊರಿನ ದಾರಿಯಲ್ಲಿ ಅವಳು ನಾಳೆಯ ಪ್ರಶ್ನೆಯನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಳು. 'ನೀನು ಸಾಣೆ ಹಿಡಿದ ಸ್ಕೇಟಿನ ಮೇಲೆ ಅವನು ಬಿದ್ದನೇ?' ಅದಕ್ಕೆ ಉತ್ತರ, ಇಲ್ಲ. ಅದು ನಿಜ. ಅದರಾಚೆಗೆ ಕೇಳಿದರೆ? ಕೇಳಲಾರರು. ಕೇಳಿದರೂ... ಪದ್ಧತಿ ನಿಂತರೆ ಟ್ಯಾಮರಾಕ್‌ನವರಿಗೆ ತಟ್ಟಲು ಬಾಗಿಲೇ ಇರುವುದಿಲ್ಲ.

ಟೋಯಿವೊ ಬೆಳಿಗ್ಗೆ ಬಂದು ಕಪಾಟಿನಲ್ಲಿ ಟ್ಯಾಮರಾಕ್‌ನ ಒಂಟಿ ಸ್ಕೇಟನ್ನು ನೋಡುತ್ತಾನೆ. ನೋಡಿ, ಕಾಫಿ ಬಗ್ಗಿಸಿಕೊಳ್ಳುತ್ತಾನೆ. ಅವನು ಕೇಳುವುದಿಲ್ಲ.

ವಾಲಿದ ನಾಣ್ಯವನ್ನು ಕಂಡವರು ಇಬ್ಬರೇ. ಐಲಿ ಪಕ್ಕದ ಸೀಟಿನಲ್ಲಿ ಅಲುಗಾಡುತ್ತಿದ್ದ ಸ್ಕೇಟನ್ನು ಒಂದು ಕೈಯಿಂದ ಹಿಡಿದುಕೊಂಡಳು. ಟೋಯಿವೊಗೂ ಇಲ್ಲ, ಅಮ್ಮನಿಗೂ ಇಲ್ಲ. ಅದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು.