ಅಕ್ಕ ಅನ್ನಬೇಡಿ

ಒದ್ದೆ ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಬೇಕರಿಯವನ ಕೈಯಲ್ಲಿ. ಇಬ್ಬರೂ ಬಿಡಲೊಲ್ಲರು.

"ಬಿಡಿ ಅಕ್ಕ! ನಮ್ಮನೆಗೆ ಬಂದವರು ಬಟ್ಟೆ ಒಗೆಯೋದಾ?"

"ನಾನು ಮಲಗಿದ ಹಾಸಿಗೆ, ನಾನೇ ಒಗೀತೀನಿ. ಮೆಲ್ಲಗೆ ಹಿಂಡಿ, ಇದು ನಿಮ್ಮ ಬ್ರೆಡ್ಡಿನ ಹಿಟ್ಟಲ್ಲ!"

ಅವನು ನಕ್ಕ. ಅವಳ ಎದೆ ಝಲ್ಲೆಂದಿತು...

ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವಳ ಕೆಲಸ. ಲಾಡ್ಜ್ ಇಲ್ಲದ ಊರಿನಲ್ಲಿ ಯಾರಾದರೂ ಕೋಣೆ ಕೊಟ್ಟರೆ ಅಲ್ಲೇ ತಂಗುವಳು. ಈ ಮನೆಯಲ್ಲಿ ಎಂಟು ದಿನವಿದ್ದಳು. ಅವನ ತಾಯಿ ಕನ್ನಡಕ ಕಾಣದಿದ್ದರೆ ಮಗನನ್ನು ಬಿಟ್ಟು ಅವಳನ್ನೇ ಕೂಗುವಷ್ಟು ಹಚ್ಚಿಕೊಂಡರು. ಅವನು ದಿನವೂ ಮೊದಲ ಬಿಸಿ ಬನ್ನನ್ನು ಅವಳ ತಟ್ಟೆಗೇ ಇಡುತ್ತಿದ್ದ.

ಇಟ್ಟು, "ತಗೊಳ್ಳಿ ಅಕ್ಕ" ಎನ್ನುತ್ತಿದ್ದ!

'ಇವನಿಗಿಂತ ಮೂರು ವರ್ಷ ಚಿಕ್ಕವಳು ನಾನು... ಅಕ್ಕ ಅಂತೆ, ಅಕ್ಕ!'

ಮನೆಗೆ ಮರಳಿದವಳು ಮನಸ್ಸಿನಲ್ಲಿದ್ದದ್ದನ್ನೆಲ್ಲ ಕಾಗದದಲ್ಲಿ ಬರೆದಳು. ಆದರೆ ಅಕ್ಕ ಎಂದವನಿಗೆ ಕಳಿಸುವುದು ಹೇಗೆ? ಐದು ತಿಂಗಳು ಅದು ಬ್ಯಾಗಿನಲ್ಲೇ ಉಳಿಯಿತು.

ಮನೆಯಲ್ಲಿ ಅಣ್ಣನ ರಗಳೆ ಬೇರೆ.

"ಕಂಡವರ ಮನೇಲಿ ಮಲಗಿ ಬರೋಳಿಗೆ ಗಂಡು ಎಲ್ಲಿ ಸಿಗ್ತಾನೆ?"

"ಕಂಡವರ ಮನೇಲೇ ಸಿಗ್ತಾನೆ ಬಿಡು!"

ಅಣ್ಣ ಕುದಿಯುತ್ತಿರುವಾಗಲೇ ಫೋನ್ ಬಂತು.

"ಬೇಕರಿಯಿಂದ... ನಮ್ಮ ತಕ್ಕಡಿ ಸರಿಯಿಲ್ಲ."

ಅಕ್ಕ ಎನ್ನಲಿಲ್ಲ! ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಮುದ್ರೆ ಒತ್ತಿದ್ದು ನಾನೇ. ಸರಿಯಾಗೇ ಇದೆ."

"ಹಾಗಾದ್ರೆ ನಾನೇ ಸರಿಯಿಲ್ಲ. ನೀವು ಹೋದಾಗಿಂದ."

"ಮತ್ತೆ ಅಕ್ಕ ಅಂತ ಯಾಕೆ ಕರೆದ್ರಿ?"

"ಬಂದ ದಿನ ಬಾಗಿಲ ಚಿಲಕ ಮೂರು ಸಲ ಮುಟ್ಟಿ ನೋಡಿದ್ರಿ. ಒಬ್ಬರೇ ಹೆಣ್ಣುಮಗಳು, ಗೊತ್ತಿಲ್ಲದ ಮನೆ... ಧೈರ್ಯವಾಗಿರ್ಲಿ ಅಂತ ಹಾಗಂದೆ. ಆಮೇಲೆ ನಾಲಿಗೆಗೆ ಬೇರೆ ದಾರೀನೇ ಸಿಗ್ಲಿಲ್ಲ."

ಅವಳ ಕಣ್ಣು ತುಂಬಿತು. ಅವನ ಮೇಲೆ ಕೋಪವೂ ಬಂತು, ಮುದ್ದೂ ಬಂತು.

"ದಡ್ಡ!"

"ಹೂಂ. ಇನ್ನು ಏನಂತ ಕರೀಲಿ?"

"ಎಲ್ಲಾ ಬರೆದಿಟ್ಟಿದ್ದೀನಿ. ಬಾಯಲ್ಲಿ ಹೇಳಲ್ಲ, ಓದ್ಕೊಳ್ಳಿ."

"ಕಾಯ್ತೀನಿ."

ಬೀದಿಯ ತಿರುವಿನಲ್ಲಿ ಅಂಚೆಯವರು ಪೆಟ್ಟಿಗೆ ಖಾಲಿ ಮಾಡಿ ಚೀಲ ಕಟ್ಟುತ್ತಿದ್ದರು. ಅವಳು ಬ್ಯಾಗಿನಿಂದ ಕಾಗದ ತೆಗೆದುಕೊಂಡು ಬರಿಗಾಲಲ್ಲೇ ಓಡಿದಳು.

"ಏಯ್! ಜನ ನೋಡ್ತಾರೆ ಕಣೇ!" ಬಾಗಿಲಿನಿಂದ ಅಣ್ಣ ಅರಚಿದ.

"ನೋಡ್ಲಿ! ಹೆಸರು, ವಿಳಾಸ ಎಲ್ಲಾ ದಪ್ಪಕ್ಷರದಲ್ಲೇ ಬರೆದಿದ್ದೀನಿ!"

ಅಂಚೆಯವರು ಗಂಟು ಬಿಚ್ಚಿ ಚೀಲದ ಬಾಯಿ ಅಗಲಿಸಿ ಹಿಡಿದರು. ಅವಳು ಕಾಗದ ಹಾಕಿದಳು.