ಗುಡ್ಡದ ಕಡೆಯ ಬಾವಿ

ತಾಯೇಸೆ ಮಡಕೆಯ ಚೂರಿನ ಮೇಲೆ ಒಸಿರಿಸ್ ದೇವರ ಹೆಸರನ್ನು ಮೂರನೇ ಸಲ ತಪ್ಪು ಬರೆಯುತ್ತಿದ್ದಾಗ ಕಾಲುವೆಯ ಸದ್ದು ನಿಂತುಹೋಯಿತು.

ಗುಡಿಯ ಜಗಲಿಯಲ್ಲಿ ಕುಳಿತಿದ್ದ ಮಕ್ಕಳೆಲ್ಲ ಬಗ್ಗಿ ನೋಡಿದರು. ನೀರು ನೂಲಿನಷ್ಟು ಸಣ್ಣಗಾಯಿತು. ಆಮೇಲೆ ಅದೂ ಇಲ್ಲ.

"ಸುರಂಗ ಕುಸಿದಿರಬೇಕು," ಎಂದರು ಪೂಜಾರಿ ಮೇಷ್ಟ್ರು.

ತಾಯೇಸೆಯ ಕೈಯಿಂದ ಚೂರು ಜಾರಿತು. ಅವಳ ಅಪ್ಪ ಹರೂಜ ಬೆಳಿಗ್ಗೆಯಿಂದ ಅದೇ ಸುರಂಗದೊಳಗೆ ಹೂಳು ತೆಗೆಯುತ್ತಿದ್ದ.

ಮರಳಿನ ನಡುವಿನ ಆ ಊರಿಗೆ ನೀರು ಬರುತ್ತಿದ್ದದ್ದು ದೂರದ ಗುಡ್ಡದ ಬುಡದಿಂದ, ನೆಲದಡಿಯ ಉದ್ದನೆಯ ಸುರಂಗದಲ್ಲಿ. ಒಳಗಿಳಿಯಲು ಅಲ್ಲಲ್ಲಿ ಬಾವಿಗಳಿದ್ದವು. ಈಜಿಪ್ಟನ್ನು ಗೆದ್ದ ಪರ್ಷಿಯಾದವರು ಅದನ್ನು ತೋಡಿಸಿದ್ದರು. ಅದಕ್ಕೂ ಮುಂಚೆ ಇಲ್ಲಿದ್ದದ್ದು ಬತ್ತುತ್ತಿದ್ದ ಒಂದೇ ಒಂದು ಚಿಲುಮೆ. ಆದರೆ ಅವರ ವಿರುದ್ಧದ ಯುದ್ಧಕ್ಕೆ ಹೋದ ತಾಯೇಸೆಯ ಅಜ್ಜಿಯ ಅಣ್ಣ ಮನೆಗೆ ವಾಪಸು ಬಂದಿರಲಿಲ್ಲ.

ತಾಯೇಸೆ ಓಡಿಹೋಗಿ ನೋಡಿದಾಗ ಅಪ್ಪ ಇಳಿದಿದ್ದ ಬಾವಿಯೇ ಇರಲಿಲ್ಲ. ಅಲ್ಲಿ ಮಣ್ಣಿನ ಗುಂಡಿಯೊಂದಿತ್ತು. ಊರಿನ ಗಂಡಸರು ಅದನ್ನು ಅಗೆಯುತ್ತಿದ್ದರು. ಅಗೆದಷ್ಟೂ ಮಣ್ಣು ಮತ್ತೆ ಜಾರುತ್ತಿತ್ತು. ಅಜ್ಜಿ ಪಕ್ಕದಲ್ಲಿ ಕುಳಿತು ದೇವರನ್ನು ಕರೆಯುತ್ತಿದ್ದಳು.

ಅಷ್ಟರಲ್ಲಿ ಕತ್ತೆಯ ಮೇಲೆ ಬಗಪಾತ ಬಂದ. ಸುರಂಗ ನೋಡಿಕೊಳ್ಳುವ ಪರ್ಷಿಯಾದ ಮುದುಕ. ಮಕ್ಕಳು ಅವನನ್ನು ಬೆನ್ನ ಹಿಂದೆ ಕರೆಯುತ್ತಿದ್ದದ್ದು 'ಹೋತದ ಗಡ್ಡ' ಎಂದು.

"ಇಲ್ಲಿ ಅಗೆಯೋದು ಬೇಡ," ಎಂದ ಅವನು, ಮಾತು ಹುಡುಕುತ್ತಾ. "ಪಕ್ಕದ ಬಾವಿಯಿಂದ ಹೋಗಬೇಕು. ಹರೂಜ ಒಳಗೆ ಯಾವ ಕಡೆ ಹೋದ? ಊರ ಕಡೆ? ಗುಡ್ಡದ ಕಡೆ?"

ಗಂಡಸರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಾಯೇಸೆಗೆ ಗೊತ್ತಿತ್ತು. ಬೆಳಿಗ್ಗೆ ಅವಳು ರೊಟ್ಟಿ ಕೊಡಲು ಬಂದಾಗ ಅಪ್ಪನೇ ಹೇಳಿದ್ದ. ಅವಳು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕೈ ಜಗ್ಗಿದಳು.

"ಅವನ ಹತ್ರ ಮಾತಾಡ್ಬೇಡ ಕಣೇ. ನಮ್ಮನೆ ಹಾಳ್ ಮಾಡಿದ ಜನ ಅವ್ರು."

"ಅಜ್ಜೀ, ಅಪ್ಪ ಒಳಗಿದ್ದಾನೆ," ಎಂದಳು ತಾಯೇಸೆ. ಕೈ ಬಿಡಿಸಿಕೊಂಡು ಮುದುಕನ ಎದುರು ನಿಂತಳು. "ಗುಡ್ಡದ ಕಡೆ, ತಾತ. ಇವತ್ತು ಗುಡ್ಡದ ಕಡೆ ಕೆಲಸ ಅಂದಿದ್ದ."

"ಸರಿಯಾಗಿ ಗೊತ್ತಾ?"

"ಗೊತ್ತು."

ಬಗಪಾತ ಮತ್ತೇನೂ ಕೇಳಲಿಲ್ಲ. ಗುಡ್ಡದ ಕಡೆಯ ಮುಂದಿನ ಬಾವಿಗೆ ನಡೆದ. ಗಂಡಸರು ಹಗ್ಗ ಹೊತ್ತು ಹಿಂದೆ ಓಡಿದರು. ಬಾವಿಗೆ ಕಿವಿಯಿಟ್ಟರೆ ಕೆಳಗೆ ತುಂಬುತ್ತಿದ್ದ ನೀರಿನ ಗುಳುಗುಳು ಕೇಳಿಸುತ್ತಿತ್ತು. ಹೋಗಲು ದಾರಿಯಿಲ್ಲದ ನೀರು.

"ನಾನಿಳೀತೀನಿ, ನಿಂಗೆ ವಯಸ್ಸಾಯ್ತು," ಎಂದ ಒಬ್ಬ.

"ನಿನಗೆ ಒಳಗೆ ದಾರಿ ಗೊತ್ತಾ? ಇದನ್ನು ತೋಡಿದ್ದು ನನ್ನ ಅಪ್ಪ," ಎಂದ ಮುದುಕ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಇಳಿಯುವ ಮುನ್ನ ಕಣ್ಣು ಮುಚ್ಚಿ ತನ್ನ ಭಾಷೆಯಲ್ಲಿ ಏನೋ ಹೇಳಿಕೊಂಡ. ಪದಗಳು ಅರ್ಥವಾಗದಿದ್ದರೂ ಅದು ಪ್ರಾರ್ಥನೆಯೆಂದು ತಾಯೇಸೆಗೆ ತಿಳಿಯಿತು.

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅಜ್ಜಿಯೂ ಬಂದು ಮೊಮ್ಮಗಳ ಪಕ್ಕ ನಿಂತಳು.

ಹಗ್ಗ ಎರಡು ಸಲ ಅಲುಗಿತು. ಗಂಡಸರು ಎಳೆದರು.

ಮೊದಲು ಮೇಲೆ ಬಂದವನು ಅಪ್ಪ. ಮೈಯೆಲ್ಲ ಕೆಸರು, ಕಾಲು ಊದಿಕೊಂಡಿತ್ತು. ತಾಯೇಸೆ ಅವನ ಕುತ್ತಿಗೆಗೆ ಜೋತುಬಿದ್ದಳು.

"ಮೆಲ್ಲಗೆ, ಮೆಲ್ಲಗೆ. ಮಣ್ಣಲ್ಲಿ ಕಾಲು ಹೂತುಹೋಗಿ ಎದೆಯವರೆಗೆ ನೀರು ಬಂದಿತ್ತು ಮಗಳೇ," ಎಂದ ಅಪ್ಪ. "ಇನ್ನೊಂಚೂರು ತಡ ಆಗಿದ್ರೆ..."

ಮುದುಕನನ್ನು ಮೇಲಕ್ಕೆ ಎಳೆದುಕೊಂಡಾಗ ಅಜ್ಜಿ ಅವನನ್ನೇ ನೋಡುತ್ತಾ ನಿಂತಳು. ಆಮೇಲೆ ತನ್ನ ಹೊದಿಕೆ ತೆಗೆದು ಅವನ ಒದ್ದೆ ಹೆಗಲಿಗೆ ಹಾಕಿದಳು.

ಮೂರನೇ ದಿನ ಮಣ್ಣು ತೆಗೆದು ಮುಗಿಯಿತು. ಕಾಲುವೆಗೆ ಮೊದಲು ಕೆಂಪು ನೀರು, ಆಮೇಲೆ ತಿಳಿನೀರು ಬಂತು. ಮಕ್ಕಳು ಕುಣಿದಾಡಿದರು. ಮಣ್ಣು ಹೊತ್ತು ಕೆಸರಾಗಿದ್ದ ಕೈಗಳನ್ನು ತೊಳೆಯಲು ತಾಯೇಸೆ ಬಗ್ಗಿದಳು.

ಪಕ್ಕದಲ್ಲಿ ಬಗಪಾತ ಕುಳಿತಿದ್ದ. ಅವನ ಕೈಗಳೂ ಕೆಸರು. ಆದರೆ ಅವನು ಕೈಗಳನ್ನು ನೀರಿಗೆ ಹಾಕಲಿಲ್ಲ. ಒಣ ಮರಳು ತೆಗೆದು ಒಂದೊಂದೇ ಬೆರಳನ್ನು ಉಜ್ಜುತ್ತಿದ್ದ. ಹರಿಯುವ ನೀರು ಅವನ ಜನರಿಗೆ ಪವಿತ್ರ; ಅದನ್ನು ಕೊಳೆ ಮಾಡಲು ಅವನಿಗೆ ಮನಸ್ಸಿರಲಿಲ್ಲ.

ತಾಯೇಸೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನೀರಿನಿಂದ ಹಿಂದೆ ಸರಿದು, ಅವನ ಪಕ್ಕ ಕುಳಿತು, ಒಂದು ಹಿಡಿ ಮರಳು ತೆಗೆದುಕೊಂಡಳು.